ಟೈಮ್ ಮಷೀನು ಮತ್ತು ಅಪ್ಪನ ವಾಯ್ಸ್ ಮೆಸೇಜು

ಟೈಮ್ ಟ್ರಾವೆಲ್ ಸಿನಿಮಾ ಅಂದ್ರೆ ನನಗೆ ಚಿಕ್ಕಂದಿನಿಂದ ಹುಚ್ಚು. ಶುರುವಾಗಿದ್ದು ಊರಲ್ಲಿ ಪಕ್ಕದ ಮನೆ ಟಿವಿಯಲ್ಲಿ ನೋಡಿದ ತೆಲುಗಿನ ‘ಆದಿತ್ಯ 369’ನಿಂದ. 1991ರ ಸಿಂಗೀತಂ ಶ್ರೀನಿವಾಸರಾವ್ ಸಿನಿಮಾ. ಬಾಲಕೃಷ್ಣ ಮಷೀನು ಹತ್ತಿ ಕೃಷ್ಣದೇವರಾಯನ ಆಸ್ಥಾನಕ್ಕೆ ಹೋಗ್ತಾನೆ, ಆಮೇಲೆ 2504ನೇ ಇಸವಿಗೆ ಹಾರ್ತಾನೆ. ಭಾಷೆ ಬರದಿದ್ದರೂ ಕಥೆ ಅರ್ಥ ಆಗಿತ್ತು. ಹಂಪಿ ನಮಗೇನು ದೂರವಾ?

ಬಿಇ ಮುಗಿಸಿ ಬೆಂಗಳೂರು ಸೇರಿದ ಮೇಲೆ ದೇಹ ಬಿಟ್ಟು ಆತ್ಮ ಓಡಾಡೋ ಸಿನಿಮಾಗಳ ರುಚಿ ಹತ್ತಿತು. 2016ರ ‘ಡಾಕ್ಟರ್ ಸ್ಟ್ರೇಂಜ್’ನಲ್ಲಿ ನಾಯಕನ ದೇಹ ನಿದ್ದೆ ಮಾಡ್ತಿರುತ್ತೆ, ಆತ್ಮ ಪುಸ್ತಕ ಓದ್ತಿರುತ್ತೆ. ನಮಗಿದು ಹೊಸದಲ್ಲ, ಶಂಕರಾಚಾರ್ಯರು ಅಮರುಕ ರಾಜನ ದೇಹ ಹೊಕ್ಕ ಕಥೆ ಕೇಳಿ ಬೆಳೆದವರು ನಾವು. ನನ್ನ ಕೆಲಸವೂ ಹಾಗೇ ಇತ್ತು ಬಿಡಿ. ದೇಹ ಮಾರತಹಳ್ಳಿ ರೂಮಲ್ಲಿ, ಜೀವ ಅಮೆರಿಕಾದ ಟೈಮಲ್ಲಿ.

2014ರ ‘ಇಂಟರ್‌ಸ್ಟೆಲ್ಲರ್’ ಗೊತ್ತಲ್ಲ? ಅದರಲ್ಲಿ ಒಂದು ಗ್ರಹದ ಒಂದು ಗಂಟೆ ಅಂದ್ರೆ ಭೂಮಿಯ 7 ವರ್ಷ. ನಾಯಕ ಕೂಪರ್ ವಾಪಸ್ ಬರೋಷ್ಟರಲ್ಲಿ 23 ವರ್ಷ ಕಳೆದಿರುತ್ತೆ. ಮಕ್ಕಳು ಕಳಿಸಿದ ವಿಡಿಯೋಗಳನ್ನ ಕೂತು ನೋಡ್ತಾ ಅಳ್ತಾನೆ. ಭಾಗವತದ ಕಕುದ್ಮಿ ರಾಜನೂ ಹೀಗೇ. ಮಗಳು ರೇವತಿಗೆ ಗಂಡು ಕೇಳೋಕೆ ಬ್ರಹ್ಮಲೋಕಕ್ಕೆ ಹೋಗಿ, ಹಾಡು ಮುಗೀಲಿ ಅಂತ ಸ್ವಲ್ಪ ಹೊತ್ತು ಕಾಯ್ತಾನೆ. ಕೆಳಗೆ 27 ಚತುರ್ಯುಗ ಮುಗಿದಿರುತ್ತೆ. ಪೂರ್ತಿ ಕಟ್ಟುಕಥೆ ಅನ್ನೋ ಹಾಗೂ ಇಲ್ಲ. ಜಿಪಿಎಸ್ ಉಪಗ್ರಹದ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ. ಸರಿಮಾಡದಿದ್ರೆ ನಮ್ಮ ಮ್ಯಾಪು ದಾರಿ ತಪ್ಪಿಸುತ್ತೆ.

ಅಪ್ಪನಿಗೆ ಟೈಪ್ ಮಾಡೋಕೆ ಬರ್ತಿರಲಿಲ್ಲ. ಹೊಲದಿಂದ ವಾಯ್ಸ್ ಮೆಸೇಜ್ ಕಳಿಸೋರು. ನಾನು ‘ಆಮೇಲೆ ಕೇಳಿದ್ರಾಯ್ತು’ ಅಂತ ಬಿಡ್ತಿದ್ದೆ. ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಜೊತೆ ಮಾತೂ ಹೋಯ್ತು. ವರ್ಕ್ ಫ್ರಮ್ ಹೋಮ್ ತಗೊಂಡು, ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಬಾಡಿಗೆ ಮನೆ ಮಾಡಿ, ಅಪ್ಪ ಅಮ್ಮನ್ನ ಕರ್ಕೊಂಡು ಬಂದೆ.

ಒಂದು ಭಾನುವಾರ ಅಪ್ಪನ ಪಕ್ಕ ಕೂತು ಮತ್ತೆ ‘ಇಂಟರ್‌ಸ್ಟೆಲ್ಲರ್’ ಹಾಕಿದೆ. ಕೂಪರ್ ಅಳೋ ಸೀನು ಬಂತು. ನಿಲ್ಲಿಸಿ ಫೋನ್ ತೆಗೆದೆ. ಕೇಳದೇ ಬಿಟ್ಟ ಮೆಸೇಜು 41 ಇದ್ದವು.

“ತಮ್ಮಾ, ನಾಲೆ ನೀರು ನಮ್ ಹೊಲದ ತನಕ ಬರ್ಲಿಲ್ಲ.”

“ತಮ್ಮಾ, ಆಕಳು ಈದೈತಿ. ಹೆಣ್ಗರು.”

“ತಮ್ಮಾ, ಬೋರು ಕೊರೆಸ್ಲಾ ಬ್ಯಾಡ್ವಾ? ಲಾರಿ ನಾಳೆ ಬರ್ತೈತಿ. ಬ್ಯಾಡ ಅನ್ನಂಗಿದ್ರೆ ಬೆಳಿಗ್ಗೆ ಒಳಗೆ ಹೇಳು.”

ನಾನು ಹೇಳಿರಲಿಲ್ಲ. ಬೋರಲ್ಲಿ ಬರೀ ಧೂಳು ಬಂದಿತ್ತು. ಆ ಸಾಲ ಇನ್ನೂ ತೀರಿಸ್ತಾ ಇದೀನಿ. “ಒಂದು ಮಾತು ಕೇಳಬಾರದಿತ್ತಾ?” ಅಂತ ಊರಿಗೆ ಹೋಗಿ ಕೂಗಾಡಿದ್ದೆ. ಅಪ್ಪ ಆಗ ಮಾತು ಬರ್ತಿದ್ದಾಗಲೂ ಸುಮ್ಮನೇ ಇದ್ರು.

ತಮ್ಮದೇ ದನಿ ಕೇಳಿ ಅಪ್ಪ ನನ್ನ ಮುಖ ನೋಡಿದ್ರು. “ಬ್ಯಾಡಪ್ಪಾ,” ಅಂದೆ, ನಾಲ್ಕು ವರ್ಷ ತಡವಾಗಿ. ಅಪ್ಪ ಎಡಗೈಯಲ್ಲಿ ನನ್ನ ತೊಡೆ ತಟ್ಟಿ, ಸಿನಿಮಾ ಹಾಕು ಅಂತ ಟಿವಿ ಕಡೆ ಬೆರಳು ಮಾಡಿದ್ರು.

ಈಗ ದಿನಾ ಸಂಜೆ ಕುಂದವಾಡ ಕೆರೆ ಏರಿ ಮೇಲೆ ಇಬ್ರೂ ಕೂತು ಎರಡೆರಡು ಮೆಸೇಜು ಕೇಳ್ತೀವಿ. ಒಂದೊಂದಕ್ಕೂ ಉತ್ತರ ಹೇಳ್ತೀನಿ. ಇನ್ನೂ 26 ಬಾಕಿ ಇವೆ.