ಜಿಡ್ಡಿನ ಮರ್ಯಾದೆ

ಮಲೆನಾಡಿನವರು ಕೋವಿಯಲ್ಲಿ ಎರಡು ಬಗೆ ಹೇಳುತ್ತಾರೆ: ಕೇಪಿನ ಕೋವಿ, ತೋಟಾ ಕೋವಿ. ಇವೆರಡರ ನಡುವಿನ ಮೆಟ್ಟಿಲು ಕಾಗದದ ತೋಟಾ. ಅಮೆರಿಕದ ಅಂತರ್ಯುದ್ಧ ಕಂಡ ಕೋಲ್ಟ್ ರಿವಾಲ್ವರುಗಳ, ಅಂದರೆ 1851ರ ನೇವಿ, 1860ರ ಆರ್ಮಿಗಳ ಉರುಳೆಗೆ ಮುಂದಿನಿಂದಲೇ ಮದ್ದುಗುಂಡು ತುಂಬಬೇಕು. ಮದ್ದನ್ನು ತೆಳುಕಾಗದದ ಕೊಳವೆಯಲ್ಲಿಟ್ಟು ಬಾಯಿಗೆ ಸೀಸದ ಗುಂಡು ಅಂಟಿಸಿದರೆ ಇಡಿಯಾಗಿ ಉರುಳೆಯ ಕುಳಿಗಿಳಿಸಿ ಸನ್ನೆಯಿಂದ ಒತ್ತಬಹುದು. ಬಡಿದರೆ ಸಿಡಿಯುವ ಪುಟ್ಟ ಟೋಪಿ, ಅಂದರೆ ಕೇಪಿನ ಕಿಡಿ ತಗುಲಿದಾಗ ಕಾಗದವೂ ಮದ್ದಿನೊಡನೆ ಉರಿದುಹೋಗುತ್ತದೆ. ಇಂಥ ತೋಟಾವನ್ನು ಮನೆಯಲ್ಲೇ ಸುತ್ತುವ ಹವ್ಯಾಸ ಇಂದಿಗೂ ಇದೆ. ನೋಡುವವರ ಕಣ್ಣು ಕಾಗದದ ಮೇಲಿರುತ್ತದೆ. ಆದರೆ ಈ ಕಸುಬಿನ ಹುರುಳಿರುವುದು ಗುಂಡಿಗೆ ಸವರುವ ಜಿಡ್ಡಿನಲ್ಲಿ.

ಕಾರಣ ಕರಿಮದ್ದಿನ ಗುಣದಲ್ಲೇ ಇದೆ. 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಕೂಡಿದ ಈ ಪುಡಿ ಸುಟ್ಟಾಗ ತೂಕದ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗುವುದಿಲ್ಲ. ಹೊಗೆಯಾಗಿ ಹಾರುತ್ತದೆ, ಮಸಿಯಾಗಿ ಕೂರುತ್ತದೆ. ಆ ಮಸಿ ಒಣಗಿದರೆ ನಳಿಗೆಯೊಳಗಿನ ಸುರುಳಿಗೀರು ಮುಚ್ಚಿ ಗುರಿ ಕೆಡುತ್ತದೆ, ಉರುಳೆ ತಿರುಗದೆ ಬಿಗಿಯುತ್ತದೆ. ಜೇನುಮೇಣಕ್ಕೆ ಕುರಿಕೊಬ್ಬು ಬೆರೆಸಿದ ಲೇಪ ಮಸಿಯನ್ನು ಮೆದುವಾಗಿಡುತ್ತದೆ. ಮೇಣ ಬಿಸಿಲಿಗೆ ತಡೆ, ಕೊಬ್ಬು ಚಳಿಗೆ ಮೆದು. ಬೇಸಿಗೆಗೆ ಮೇಣ ಹೆಚ್ಚಿಸಿ ಚಳಿಗೆ ಕೊಬ್ಬು ಹೆಚ್ಚಿಸುವ ಆ ಹದ ಕಂಡುಕೊಳ್ಳುವುದರಲ್ಲೇ ಇದರ ಸುಖವಿದೆ.

ಗುಂಡು ತುಂಬಿದ ಮೇಲೆ ಕುಳಿಯ ಬಾಯಿಗೆ ಜಿಡ್ಡು ಮೆತ್ತಿದರೆ ಸಾಲದೇ ಎನ್ನುವವರಿದ್ದಾರೆ. ಹಾಗೆ ಮೆತ್ತಿದ್ದು ಪಕ್ಕದ ಕುಳಿಯ ಉರಿಗೆ ಕರಗಿ ಚೆಲ್ಲುತ್ತದೆ. ಗುಂಡಿನ ಸುತ್ತಲಿನ ಗೀರಿನಲ್ಲಿ ಕೂತ ಜಿಡ್ಡು ಗುಂಡಿನೊಡನೆ ನಳಿಗೆಯುದ್ದಕ್ಕೂ ಹೋಗುತ್ತದೆ. ಜಿಡ್ಡು ಇಳಿದರೆ ಮದ್ದು ಕೆಡುವುದಿಲ್ಲವೇ ಎಂಬ ಆಕ್ಷೇಪ ಮಾತ್ರ ನಿಜ. ಅದಕ್ಕೇ ಲೇಪ ಗುಂಡಿಗೆ ಮಾತ್ರ, ಅದೂ ತೆಳುವಾಗಿ. ಜಿಡ್ಡಿನ ಅಪಾಯ ಬಲ್ಲವನೇ ಅದನ್ನು ಅಳತೆಯಲ್ಲಿ ಬಳಸುತ್ತಾನೆ.

ಲೋಹದ ತೋಟಾ ಬಂದ ಮೇಲೂ ಈ ಶ್ರಮವೇಕೆ ಎಂಬ ಪ್ರಶ್ನೆ ಇನ್ನೂ ದೊಡ್ಡದು. ಸ್ಮಿತ್ ಅಂಡ್ ವೆಸ್ಸನ್ನಿನ ಲೋಹತೋಟಾ ರಿವಾಲ್ವರ್ ಮಾರುಕಟ್ಟೆಗೆ ಬಂದದ್ದು 1857ರಲ್ಲಿ. ಅದೇ ವರ್ಷ ಭಾರತದಲ್ಲಿ ಎನ್‌ಫೀಲ್ಡ್ ಕೋವಿಯ ಕಾಗದದ ತೋಟಾಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆಂಬ ಶಂಕೆ ಸಿಪಾಯಿಗಳಲ್ಲಿ ಹಬ್ಬಿತ್ತು. ಆ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಏಪ್ರಿಲ್ 24ರಂದು ಮೀರತ್‌ನಲ್ಲಿ 85 ಸವಾರರು ತೋಟಾ ಮುಟ್ಟಲಿಲ್ಲ. ಅಂದು ಅವರ ಮುಂದಿಟ್ಟದ್ದು ಹಳೆಯ ಬಗೆಯದೇ. ಆದರೆ ನಂಬಿಕೆ ಆಗಲೇ ಮುರಿದಿತ್ತು. ಮೇ 10ರಂದು ದಂಗೆ ಸಿಡಿಯಿತು. ದಂಗೆಗೆ ಬೇರೆ ಕಾರಣಗಳೂ ಬೇಕಾದಷ್ಟಿದ್ದವು. ಆದರೆ ಇದರಲ್ಲಿ ಏನು ಬೆರೆಸಿದ್ದೀರಿ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ನಂಬುವಂಥ ಉತ್ತರ ಸಿಗಲಿಲ್ಲ. ಇಂದು 25 ಮೀಟರ್ ದೂರದ ಗುರಿಹಲಗೆಗಾಗಿ ಮನೆಯಲ್ಲಿ ಮೇಣ ಕರಗಿಸುವವನ ಬಳಿ ಆ ಉತ್ತರವಿದೆ. ಕೈಯಾರೆ ಮಾಡುವುದರ ಬೆಲೆಯನ್ನು ನಾನು ಅಲ್ಲಿಯೇ ಕಾಣುತ್ತೇನೆ.