ಮಿಂಚು, ಕ್ಯಾಮೆರಾ ಮತ್ತು ಬಟ್ಟೆ ತಂತಿ

ಮೇ ತಿಂಗಳಲ್ಲಿ ಎರಡು ದಿನ ರಜೆ ಹಾಕಿ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಮಳೆಗಾಲಕ್ಕೆ ಮುಂಚೆ ಬರೋ ಗುಡುಗು ಮಳೆ ಗೊತ್ತಲ್ಲ... ಮಧ್ಯಾಹ್ನವೆಲ್ಲ ಸೆಖೆ, ಸಂಜೆಗೆ ಗುಡ್ಡದ ಹಿಂದೆ ಕಪ್ಪು ಮೋಡ. ಏಳು ಗಂಟೆಗೆ ಕರೆಂಟೂ ಹೋಯ್ತು (ಹೋಗದಿದ್ರೆ ಅದು ನಮ್ಮೂರೇ ಅಲ್ಲ!). ಮಿಂಚಿನ ಫೋಟೋ ತೆಗೀಬೇಕು ಅನ್ನೋದು ಬಹಳ ದಿನದ ಆಸೆ. ಜಗಲಿ ಮೇಲೆ ಟ್ರೈಪಾಡ್ ನಿಲ್ಲಿಸಿದೆ.

ಮಿಂಚು ಕಂಡ ಮೇಲೆ ಬಟನ್ ಒತ್ತಿ ಪ್ರಯೋಜನ ಇಲ್ಲ, ಅದಾಗಲೇ ಹೋಗಿರತ್ತೆ. ಷಟರನ್ನು ಇಪ್ಪತ್ತು ಸೆಕೆಂಡು ತೆರೆದಿಟ್ಟು ಕಾಯಬೇಕು. ಮಿಂಚು ಇರೋದು ಒಂದು ಸೆಕೆಂಡಿಗಿಂತ ಕಡಿಮೆ, ಹಾಗಾಗಿ ಅದರ ಗೆರೆ ಎಷ್ಟು ಬೆಳ್ಳಗೆ ಬರತ್ತೆ ಅನ್ನೋದು ಅಪರ್ಚರ್ ಮತ್ತು ಐಎಸ್ಓ ಮೇಲೆ ನಿಂತಿದೆ. ನಾನು ಎಫ್/8, ಐಎಸ್ಓ 100 ಇಟ್ಟಿದ್ದೆ.

ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನ ಎಣಿಸ್ತಾ ಇದ್ದೆ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಲೆಕ್ಕ. ಮೊದಲು ಹನ್ನೆರಡು, ಆಮೇಲೆ ಆರು, ಆಮೇಲೆ ಮೂರು. ಹತ್ತಿರ ಬಂದಷ್ಟೂ ನನಗೆ ಖುಷಿ!

"ಹನಿ ಬಿತ್ತು, ಬಟ್ಟೆ ತೆಗಿ ಬಾ ಮಾರಾಯ" ಅಂತ ಅಮ್ಮ ಎರಡು ಸಲ ಕರೆದಳು. "ಇರಮ್ಮ, ಇನ್ನೊಂದೇ ಒಂದು" ಅಂದೆ. ಮುಂದಿನ ಮಿಂಚು ಗುಡುಗು ಒಟ್ಟಿಗೇ ಬಂತು. ಎಣಿಸೋಕೆ ಏನೂ ಉಳಿಯಲಿಲ್ಲ. ಎಲ್ಲಾ ಎತ್ಕೊಂಡು ಒಳಗೆ ಓಡಿದೆ.

ರಾತ್ರಿ ಲ್ಯಾಪ್‌ಟಾಪಿನಲ್ಲಿ ನೋಡಿದ್ರೆ ಅರವತ್ತು ಫೋಟೋಗಳಲ್ಲಿ ಮಿಂಚು ಸಿಕ್ಕಿದ್ದು ನಾಲ್ಕರಲ್ಲಿ. ದೊಡ್ಡದು ಮಾಡಿ ನೋಡಿದಷ್ಟೂ ತಪ್ಪುಗಳೇ. ಗುಡ್ಡ ವಾಲಿದೆ. ಕರೆಂಟ್ ತಂತಿ ಅಡ್ಡ ಬಂದಿದೆ. ಸೆನ್ಸರ್ ಮೇಲಿನ ಧೂಳು ಚುಕ್ಕೆಯಾಗಿದೆ. ಮಿಂಚು ಹತ್ತಿ ಎಳೆದ ಹಾಗೆ ಮಸುಕು... ಕತ್ತಲಲ್ಲಿ ಟಾರ್ಚ್ ಬಿಟ್ಟು ತುಳಸಿಕಟ್ಟೆಗೆ ಫೋಕಸ್ ಮಾಡಿದ್ದೆ, ಆಮೇಲೆ ದೂರಕ್ಕೆ ತಿರುಗಿಸೋದೇ ಮರೆತಿದ್ದೆ.

ಕೊನೆಯದರಲ್ಲಿ ಆಕಾಶ ಪೂರ್ತಿ ಬಿಳಿ. ಎಡಗಡೆ ಮೂಲೆಯಲ್ಲಿ ಏನೋ ಕಪ್ಪಗೆ. ಅಷ್ಟು ಕತ್ತರಿಸಿಬಿಡೋಣ ಅಂತ ಹತ್ತಿರ ಹೋದೆ.

ಅದು ಅಮ್ಮ. ತಲೆ ಮೇಲೆ ಸೆರಗು, ಒಂದು ಕೈಯಲ್ಲಿ ನನ್ನದೇ ಜೀನ್ಸ್ ಪ್ಯಾಂಟು, ಇನ್ನೊಂದು ಕೈ ಬಟ್ಟೆ ಒಣಹಾಕೋ ಕಬ್ಬಿಣದ ತಂತಿ ಮೇಲೆ. ತುಳಸಿಕಟ್ಟೆ ಪಕ್ಕದಲ್ಲೇ ಇದ್ದಿದ್ರಿಂದ ಇಡೀ ಫೋಟೋದಲ್ಲಿ ಸ್ಪಷ್ಟವಾಗಿ ಬಂದಿದ್ದು ಅವಳೊಬ್ಬಳೇ.

ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಗುಡುಗು ಎಷ್ಟು ಹತ್ತಿರ ಅಂತ ಸೆಕೆಂಡು ಲೆಕ್ಕದಲ್ಲಿ ಗೊತ್ತಿದ್ದವನು ಆ ಮನೆಯಲ್ಲಿ ನಾನೊಬ್ಬನೇ. ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಹೊರಗೆ ಹೋಗಬಾರದು ಅನ್ನೋದೂ ಗೊತ್ತಿತ್ತು.

ಬೆಳಿಗ್ಗೆ ಅಮ್ಮನಿಗೆ ಫೋಟೋ ತೋರಿಸಿದೆ. "ಹಳೇ ಸೀರೇಲಿ ಇದ್ದಾಗ ಯಾಕೆ ತೆಗ್ದೆ ಮಾರಾಯ" ಅಂತ ಬೈದಳು. ನಾನು ಬೇರೆ ಏನೂ ಹೇಳೋಕಾಗಲಿಲ್ಲ.

ಉಳಿದ ಫೋಟೋ ಅಳಿಸಿದ್ದೀನಿ. ಇದೊಂದನ್ನ ಕತ್ತರಿಸದೆ ಇಟ್ಕೊಂಡಿದ್ದೀನಿ. ನಿಮಗೂ ಮಿಂಚಿನ ಫೋಟೋ ಹುಚ್ಚಿದ್ರೆ ಒಂದು ಮಾತು: ಟ್ರೈಪಾಡ್ ಆಮೇಲೆ, ಮೋಡ ಕಂಡ ತಕ್ಷಣ ಮೊದಲು ಬಟ್ಟೆ ಒಳಗೆ ತನ್ನಿ :)