ಜಪಸರದ ಬಳಿಕ

ಕರಾವಳಿಯ ನಮ್ಮ ಕ್ರೈಸ್ತ ಮನೆಗಳಲ್ಲಿ ಸಂಜೆಯ ಜಪಸರ ಮುಗಿದೊಡನೆ ಮಕ್ಕಳು ಹಿರಿಯರೆದುರು ಕೈಜೋಡಿಸಿ ಬೆಸಾಂವ್ ಬೇಡುವ ಪದ್ಧತಿ ಇನ್ನೂ ಪೂರ್ತಿ ಮರೆಯಾಗಿಲ್ಲ. ನನ್ನ ಬಾಲ್ಯದಲ್ಲಿ ಆಶೀರ್ವಾದ ಪಡೆದ ಮೇಲೂ ಯಾರೂ ಕೂಡಲೇ ಏಳುತ್ತಿರಲಿಲ್ಲ. ಚಾಪೆಯ ಮೇಲೆಯೇ ಅಂದಿನ ಮಾತುಗಳು ಆರಂಭವಾಗುತ್ತಿದ್ದವು: ಗದ್ದೆಯ ನೀರು, ಶಾಲೆಯಲ್ಲಿ ತಿಂದ ಪೆಟ್ಟು, ಮುಂಬಯಿಯಿಂದ ಬರಬೇಕಿದ್ದ ಚಿಕ್ಕಪ್ಪನ ಪತ್ರ. ಈಗ ಕುಟುಂಬ ಭೇಟಿಗೆ ಹೋದಾಗ ಕಾಣುವ ದೃಶ್ಯವೇ ಬೇರೆ. ಕೊನೆಯ 'ಆಮೆನ್' ಪೂರ್ಣಗೊಳ್ಳುವ ಮುನ್ನವೇ ಮೊಬೈಲ್ ಕೈಗೆ ಬಂದಿರುತ್ತದೆ. ಮಕ್ಕಳ ಕೈಗೆ ಮಾತ್ರವಲ್ಲ, ತಂದೆತಾಯಿಯರ ಕೈಗೂ. ಗುರುಗಳ ನಿವಾಸದಲ್ಲೂ ಪರಿಸ್ಥಿತಿ ಭಿನ್ನವಾಗಿಲ್ಲವೆಂದು ಒಪ್ಪಿಕೊಳ್ಳುವುದೇ ನ್ಯಾಯ.

ಕೆಲವು ವರ್ಷಗಳ ಹಿಂದೆ ಕಾಪು ಪರಿಸರದ ಧರ್ಮಕೇಂದ್ರವೊಂದರಲ್ಲಿ ನಾನು ಸೇವೆಯಲ್ಲಿದ್ದಾಗ ತಾಯಿಯೊಬ್ಬರು ಬಂದು ಕಣ್ಣೀರಿಟ್ಟರು. ಪತಿ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿದ್ದರು. ಪಿಯುಸಿ ಓದುತ್ತಿದ್ದ ಮಗ ಮೂರು ತಿಂಗಳಿನಿಂದ ಭಾನುವಾರದ ಬಲಿಪೂಜೆಗೆ ಬಂದಿರಲಿಲ್ಲ. "ನನ್ನ ಮಾತು ಕೇಳುವುದಿಲ್ಲ ಫಾದರ್. ನೀವೇ ಕರೆದು ಸ್ವಲ್ಪ ಬುದ್ಧಿ ಹೇಳಬೇಕು" ಎಂದರು.

ಹುಡುಗ ಬಂದ. ಬಹಳ ಹೊತ್ತು ಮೌನವಾಗಿದ್ದು ಕೊನೆಗೆ ಬಾಯಿ ತೆರೆದ. "ಅಜ್ಜಿ ಮಣಿಪಾಲದಲ್ಲಿ ಐಸಿಯುನಲ್ಲಿದ್ದಾಗ ನಾವು ದಿನವೂ ಮೊಣಕಾಲೂರಿ ಪ್ರಾರ್ಥಿಸಿದೆವು. ಗುಣವಾಗುತ್ತಾರೆ, ನಂಬಿಕೆಯಿಡು ಎಂದು ಎಲ್ಲರೂ ಹೇಳಿದರು. ಅಜ್ಜಿ ತೀರಿಕೊಂಡ ಮೇಲೆ ಆ ಬಗ್ಗೆ ಮನೆಯಲ್ಲಿ ಯಾರೂ ಮಾತೇ ಎತ್ತಲಿಲ್ಲ. ಆ ಪ್ರಾರ್ಥನೆಯೆಲ್ಲ ಎಲ್ಲಿಗೆ ಹೋಯಿತು ಫಾದರ್?"

ಗುರುಮಠದಲ್ಲಿ ಕಲಿತದ್ದೆಲ್ಲವೂ ನನ್ನ ನಾಲಿಗೆಗೆ ಬಂತು. ಯೋಬನಿಂದ ಹಿಡಿದು ಕಲ್ವಾರಿಯವರೆಗೆ ಅರ್ಧ ಗಂಟೆ ವಿವರಿಸಿದೆ. "ಆಯಿತು ಫಾದರ್" ಎಂದು ಹೇಳಿ ಅವನು ಎದ್ದು ಹೋದ. ನಾನು ಅದನ್ನು ಸಮ್ಮತಿಯೆಂದೇ ತಿಳಿದೆ. ಮುಂದಿನ ಭಾನುವಾರವೂ ಅವನ ಜಾಗ ಖಾಲಿಯಾಗಿತ್ತು.

ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಹನ್ನೆರಡರ ಹರೆಯದ ಯೇಸು ಜೆರುಸಲೇಮಿನಲ್ಲಿ ಉಳಿದುಬಿಟ್ಟ ಪ್ರಸಂಗವಿದೆ. ಪವಿತ್ರ ಕುಟುಂಬದ ಹಬ್ಬದಂದು ಅದನ್ನು ಓದಿದಾಗಲೆಲ್ಲ ನಾವು ಗುರುಗಳು ಕೊನೆಯ ಭಾಗದ ವಿಧೇಯತೆಯ ಕುರಿತೇ ಪ್ರಸಂಗ ಮಾಡುತ್ತೇವೆ. ನಡುವಿನದನ್ನು ನಾನು ಗಮನವಿಟ್ಟು ಓದಿದ್ದು ಆ ಹುಡುಗನ ನಂತರವೇ. ಮಗ ಜೊತೆಯವರೊಂದಿಗೆ ಇದ್ದಾನೆಂದು ಭಾವಿಸಿ ಮರಿಯ ಮತ್ತು ಜೋಸೆಫರು ಒಂದು ದಿನದ ಹಾದಿ ನಡೆದುಬಿಟ್ಟಿದ್ದರು. ಮೂರು ದಿನಗಳ ಬಳಿಕ ಅವನು ಸಿಕ್ಕಾಗ, ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಅವರ ಮಾತು ಕೇಳುತ್ತ, ಅವರನ್ನೇ ಪ್ರಶ್ನಿಸುತ್ತಿದ್ದ. ತಾಯಿ ಆಜ್ಞೆ ಮಾಡಲಿಲ್ಲ. ಕಾರಣ ಕೇಳಿದಳು, ತಮ್ಮಿಬ್ಬರ ಕಳವಳವನ್ನು ಮುಚ್ಚಿಡದೆ ಹೇಳಿದಳು. ಮಗ ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲವೆಂದು ಲೂಕರು ಸಂಕೋಚವಿಲ್ಲದೆ ಬರೆದಿದ್ದಾರೆ. ಮರಿಯಮ್ಮನಿಗೇ ಅರ್ಥವಾಗದ ಮಾತು ನನಗೆ ಅರ್ಧ ಗಂಟೆಯಲ್ಲಿ ಅರ್ಥವಾಗಿಬಿಟ್ಟಿತ್ತು!

ಮಗ ಯಾವ ಜಾಗದಲ್ಲಿದ್ದಾನೆ ಎಂಬುದಕ್ಕಿಂತ ಅವನ ಮನಸ್ಸು, ನಂಬಿಕೆ, ಆಸೆಗಳು ಎಲ್ಲಿವೆ ಎಂಬುದನ್ನು ತಂದೆತಾಯಿಯರು ಅರಿಯಬೇಕೆಂದು ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬದ ಕುರಿತು ಹೊರಡಿಸಿದ 'ಅಮೋರಿಸ್ ಲೆತಿಶಿಯಾ'ದಲ್ಲಿ ತಿಳಿಸಿದ್ದರು. ಮಕ್ಕಳನ್ನು ಮಣಿಪಾಲದ ಹಾಸ್ಟೆಲಿನಲ್ಲಿಟ್ಟಿರುವ ಹೆತ್ತವರು ದಿನವೂ ಫೋನಿನಲ್ಲಿ ಕೇಳುವುದು ಎರಡೇ ಪ್ರಶ್ನೆ: ಎಲ್ಲಿದ್ದೀ, ಊಟ ಆಯಿತಾ. ಮೂರನೆಯದು ಅಂಕಗಳ ಬಗ್ಗೆ.

2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕುತಿಸ್‌ನನ್ನು ನಾವೀಗ ಹದಿಹರೆಯದವರಿಗೆ ಆದರ್ಶವಾಗಿ ತೋರಿಸುತ್ತೇವೆ. ಆತ ಹದಿನೈದರ ಹರೆಯದಲ್ಲಿ 2006ರಲ್ಲಿ ತೀರಿಕೊಂಡವನು. ಆದರೆ ಅವನ ತಾಯಿಯ ಕತೆ ಹೆತ್ತವರಿಗೆ ಹೆಚ್ಚು ಉಪಯುಕ್ತವೆಂದು ನನ್ನ ಅನಿಸಿಕೆ. ಮೊದಲು ಚರ್ಚಿನಿಂದ ದೂರವೇ ಇದ್ದ ಆಕೆ, ಪುಟ್ಟ ಮಗನ ಪ್ರಶ್ನೆಗಳಿಗೆ ಉತ್ತರ ತಿಳಿಯದೆ ದೇವಶಾಸ್ತ್ರ ಕಲಿಯಲು ಹೊರಟವರು.

ಇನ್ನು ನಮ್ಮ ಹುಡುಗನ ವಿಷಯ. ಜನವರಿ ಕೊನೆಯಲ್ಲಿ ಕಾರ್ಕಳದ ಅತ್ತೂರಿನ ವಾರ್ಷಿಕ ಹಬ್ಬ. 2016ರಲ್ಲಿ ಮೈನರ್ ಬಸಿಲಿಕಾ ಪದವಿ ಪಡೆದ ಸಂತ ಲಾರೆನ್ಸರ ಆ ಪುಣ್ಯಕ್ಷೇತ್ರಕ್ಕೆ ಸರ್ವಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಅಜ್ಜಿಯ ಹೆಸರಿನಲ್ಲಿ ಮೇಣದಬತ್ತಿ ಹಚ್ಚಲೆಂದು ತಾಯಿ ಒತ್ತಾಯಿಸಿ ಮಗನನ್ನು ಕರೆದೊಯ್ದಿದ್ದರು. ಸಾಲಿನಲ್ಲಿ ನಿಂತಿದ್ದಾಗ ಅವನು ನನಗೆ ಕೇಳಿದ್ದ ಪ್ರಶ್ನೆಯನ್ನೇ ಅವರಿಗೂ ಕೇಳಿದ.

"ನಾನೇನು ಹೇಳಲಿ ಫಾದರ್?" ಎಂದು ಅವರು ಆಮೇಲೆ ನನಗೆ ವಿವರಿಸಿದರು. "ನನಗೂ ಗೊತ್ತಿಲ್ಲ ಮಗಾ, ಅಜ್ಜಿ ಹೋದ ರಾತ್ರಿ ನನಗೂ ದೇವರ ಮೇಲೆ ಸಿಟ್ಟು ಬಂದಿತ್ತು, ನೀನು ಹೆದರಬಹುದೆಂದು ಹೇಳಲಿಲ್ಲ ಅಂದೆ. ಸುಮ್ಮನೆ ನನ್ನ ಮುಖ ನೋಡಿದ. ಬಸ್ಸು ಬೆಳ್ಮಣ್, ಪಡುಬಿದ್ರಿ ದಾಟಿ ಕಾಪು ಮುಟ್ಟುವವರೆಗೂ ಅವನು ಅಜ್ಜಿಯ ಮಾತನ್ನೇ ಆಡಿದ."

ನನ್ನ ದೇವಶಾಸ್ತ್ರ ಮಾಡದ ಕೆಲಸವನ್ನು ಆ ಒಂದು 'ಗೊತ್ತಿಲ್ಲ' ಮಾಡಿತ್ತು. ಅವನು ಮರುವಾರದಿಂದಲೇ ಬಲಿಪೂಜೆಗೆ ಬರತೊಡಗಿದನೆಂದು ಬರೆದರೆ ಸುಳ್ಳಾದೀತು. ಒಮ್ಮೆ ಬಂದ, ಎರಡು ವಾರ ಬರಲಿಲ್ಲ, ಮತ್ತೆ ಬಂದ.

ತಪಸ್ಸು ಕಾಲದ ಒಂದು ಸಂಜೆ ಆ ಮನೆಗೆ ಭೇಟಿಯಿತ್ತೆ. ಜಪಸರ ಮುಗಿಯಿತು; ಹುಡುಗ ತಾಯಿಗೆ ಕೈಜೋಡಿಸಿದ, ಬಳಿಕ ನನಗೆ. ಆ ವಾಳೆಯಲ್ಲಿ ಇನ್ನೂ ಎರಡು ಮನೆಗಳಿದ್ದವು. ವಾಡಿಕೆಯಂತೆ ಎದ್ದು ಚಪ್ಪಲಿ ಹುಡುಕುತ್ತಿದ್ದೆ. "ಫಾದರ್," ಎಂದ ಅವನು, "ನಿಮಗೆ ಯಾವತ್ತಾದರೂ ಪ್ರಾರ್ಥನೆ ವ್ಯರ್ಥ ಅನಿಸಿದೆಯಾ?"

ಮತ್ತೆ ಕುಳಿತೆ. ನನ್ನ ತಂದೆ ತೀರಿಕೊಂಡ ವರ್ಷ ನಾನು ಬಾಯಿಯಲ್ಲಿ ಮಾತ್ರ ಪ್ರಾರ್ಥನೆ ಹೇಳುತ್ತಿದ್ದುದನ್ನು, ಅದುವರೆಗೆ ಯಾರಿಗೂ ತಿಳಿಸದಿದ್ದುದನ್ನು, ಆ ತಾಯಿ ಮಗನ ಮುಂದೆ ಹೇಳಿದೆ. ಉಳಿದೆರಡು ಮನೆಗಳಿಗೆ ಮರುದಿನ ಹೋದೆ.